ತೊಳೆದ ಡಬ್ಬಿಯನ್ನು ನಂಬಬಹುದೇ?

ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಬಾಲಕನೊಬ್ಬನು ಅಂದವಾದ ಬಿಳಿಯ ಡಬ್ಬಿಯೊಂದರಲ್ಲಿ ಕುಡಿಯುವ ನೀರನ್ನು ತಂದಿದ್ದನು. ಅದರ ಚೀಟಿಯನ್ನು ಕಿತ್ತಿದ್ದರೂ ಕೆಂಪು ತ್ರಿಕೋನದ ಒಂದು ಮೂಲೆ ಉಳಿದಿತ್ತು. ಅದು ಕೋಸಿನ ಹೊಲಕ್ಕೆ ಸಿಂಪಡಿಸುವ ಕೀಟನಾಶಕದ ಡಬ್ಬಿ! ನೀರನ್ನು ಚೆಲ್ಲಿಸಿ ತಾಯಿಯನ್ನು ಕರೆಸಿದೆವು. "ಬೂದಿ ಹಾಕಿ ಮೂರು ಸಲ ತೊಳೆದಿದ್ದೀನಿ ಮೇಷ್ಟ್ರೇ, ಮೂಸಿ ನೋಡಿ" ಎಂದರು ಆಕೆ. ಮೂಸಿದೆವು. ಯಾವ ವಾಸನೆಯೂ ಇರಲಿಲ್ಲ. ಆದರೆ ಮೂಗಿನ ಸಾಕ್ಷ್ಯವೊಂದೇ ಸಾಕೇ?

ಪಾನೀಯದ ಬಾಟಲಿಗಳನ್ನು ಹಿಂದಕ್ಕೆ ಪಡೆದು ಮತ್ತೆ ತುಂಬುವ ಕಾರ್ಖಾನೆಗಳು ಈ ಪ್ರಶ್ನೆಯನ್ನು ಎಂದೋ ಎದುರಿಸಿವೆ. ಜನರು ಖಾಲಿ ಬಾಟಲಿಯಲ್ಲಿ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಇಟ್ಟಿದ್ದು ಹಿಂದಿರುಗಿಸುವುದುಂಟು. ಗಾಜು ಇಂಥ ದ್ರವವನ್ನು ಹೀರುವುದಿಲ್ಲ. ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಶುಚಿಯಾಗುತ್ತದೆ. ಪ್ಲಾಸ್ಟಿಕ್ಕಾದರೋ ಅದನ್ನು ತನ್ನ ಮೈಯೊಳಗೇ ಹೀರಿಕೊಂಡು, ಮುಂದೆ ತುಂಬಿದ ಪದಾರ್ಥಕ್ಕೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಆದುದರಿಂದ ವಿದೇಶದ ಕಾರ್ಖಾನೆಗಳಲ್ಲಿ, ಸಾಲಾಗಿ ಸಾಗುವ ಪ್ರತಿಯೊಂದು ಪ್ಲಾಸ್ಟಿಕ್ ಬಾಟಲಿಯೊಳಗಿನ ಗಾಳಿಯನ್ನೂ ಯಂತ್ರವೊಂದು ಕ್ಷಣಾರ್ಧದಲ್ಲಿ 'ಮೂಸಿ' ನೋಡುತ್ತದೆ. ಸಂಶಯ ಬಂದ ಬಾಟಲಿಯನ್ನು ಸಾಲಿನಿಂದ ಹೊರಕ್ಕೆ ತಳ್ಳುತ್ತದೆ. ಆ ಯಂತ್ರವೂ ತಾನು ಗುರುತಿಸಬಲ್ಲ ವಸ್ತುಗಳನ್ನಷ್ಟೇ ಹಿಡಿಯಬಲ್ಲದು.

ನಮ್ಮ ಅಡಿಗೆಮನೆಗಳಲ್ಲಿ ಅಂಥ ಯಂತ್ರವಿಲ್ಲ. ಇದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದನ್ನು 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮವು ಕಂಡಿತು. ಅಲ್ಲಿ ಶಾಲೆಯ ಮಧ್ಯಾಹ್ನದ ಊಟವನ್ನುಂಡ 23 ಮಕ್ಕಳು ಅಸುನೀಗಿದರು. ಅಡಿಗೆಯ ಎಣ್ಣೆಯಿದ್ದ ಡಬ್ಬಿಯಲ್ಲಿಯೂ ಉಳಿದ ಆಹಾರದಲ್ಲಿಯೂ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವು ಪರೀಕ್ಷೆಯಿಂದ ಪತ್ತೆಯಾಯಿತು. ನಿತ್ಯವೂ ಮಕ್ಕಳಿಗೆ ಬಡಿಸುವ ಮುನ್ನ ಊಟದ ರುಚಿ ನೋಡುವ ನಮಗೆ ಆ ದಿನ ಮರೆಯುವಂಥದಲ್ಲ.

1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಯನ್ನು ಒಡೆದು, ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದು ವಿಧಿಸಿವೆ. ಹೊಲದಲ್ಲಿಯೇ ಅದನ್ನು ಮೂರು ಬಾರಿ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದು, ಡಬ್ಬಿಗೆ ತೂತು ಹಾಕಿಬಿಟ್ಟರೆ ಮತ್ತಾರೂ ಅದನ್ನು ಮನೆಗೆ ತರಲಾರರು. ಹಾಗೆ ತೊಳೆಯುವುದು ಎಸೆಯುವುದಕ್ಕಾಗಿಯೇ ಹೊರತು ಬಳಸುವುದಕ್ಕಲ್ಲ.

ತಾಳವಾಡಿಯ ನಮ್ಮ ಗುಡ್ಡಗಾಡಿನಲ್ಲಿ ಗಟ್ಟಿಯಾದ ಡಬ್ಬಿಯನ್ನು ಬಿಸಾಡಲು ಯಾರಿಗೂ ಮನಸ್ಸು ಬಾರದು. ಮಿತವ್ಯಯವು ಒಳ್ಳೆಯ ಗುಣವೇ ಸರಿ. ಆದರೆ ಕೀಟನಾಶಕವನ್ನು 'ಔಷಧಿ' ಎಂದು ಕರೆಯುವ ವಾಡಿಕೆಯು ಅದರ ಭಯವನ್ನೇ ಮರೆಸಿದೆ. ತಾಯಂದಿರೇ, ಒಮ್ಮೆ ವಿಷವನ್ನು ಹೊತ್ತ ಡಬ್ಬಿ ಎಷ್ಟು ತೊಳೆದರೂ ಅಡಿಗೆಮನೆಯ ಹೊಸ್ತಿಲನ್ನು ದಾಟಕೂಡದು. ಆ ಬಾಲಕನು ಈಗ ಸ್ಟೀಲಿನ ಸಣ್ಣ ತೂಕಿನಲ್ಲಿ ನೀರು ತರುತ್ತಿದ್ದಾನೆ.