ಪಡಸಾಲೆಯ ಕಂಬ ಬಾಗಬಾರದು!

ತೇರದಾಳ: ನಮ್ಮೂರ ಹಳೆಯ ನೇಕಾರ ಮನೆಯೊಂದನ್ನು ಕೆಡವುವುದೆಂದು ನಿಶ್ಚಯವಾಯಿತು. ಅಣ್ಣತಮ್ಮಂದಿರ ಪಾಲಾಗಿದೆ, ಆರ್‌ಸಿಸಿ ಮನೆ ಏಳಬೇಕು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಅಜ್ಜಿಯದು ಮಾತ್ರ ಒಂದೇ ಹಟ: “ಕೆಡವೂದ್ರೊಳಗ ಪಡಸಾಲಿದೊಂದು ಫೋಟೋ ತಗೀರಿ. ಕುಣಿಮಗ್ಗ, ನಾಲ್ಕೂ ಕಂಬ, ದೇವರ ಜಗಲಿ ಎಲ್ಲಾ ಒಂದರಾಗ ಬರಬೇಕು.”

ಮೊಮ್ಮಗ ಮೊಬೈಲ್ ಎತ್ತಿದ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಬಂದದ್ದು ಅರ್ಧ ಮಗ್ಗ. ಮೊಬೈಲನ್ನು ಎಡದಿಂದ ಬಲಕ್ಕೆ ತಿರುಗಿಸುತ್ತ ತೆಗೆದ. ಎಲ್ಲವೂ ಬಂತು. ಆದರೆ ನೆಟ್ಟಗಿದ್ದ ತೊಲೆ ಬಿಲ್ಲಿನಂತೆ ಬಾಗಿತು, ಹತ್ತಿರದ ಕಂಬ ನಡುವೆ ಮುರಿದಂತೆ ಕಂಡಿತು. “ಇದು ನಮ್ಮ ಮನಿ ಅಲ್ಲೋ ತಮ್ಮಾ” ಎಂದಳು ಅಜ್ಜಿ.

ಕೊನೆಗೆ ಕೆಲಸ ಪೇಟೆಯ ಸ್ಟುಡಿಯೋದವರ ಪಾಲಿಗೆ ಬಂತು. ಕಂಬ ಮುರಿದದ್ದೇಕೆ? ಬಸ್ಸಿನಲ್ಲಿ ಕುಳಿತ ಓದುಗರು ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿಯಲಿ. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿದರೆ ಬೆರಳು ಜಿಗಿಯುತ್ತದೆ. ಕೈಯಲ್ಲಿ ಹಿಡಿದು ತಿರುಗಿಸಿದಾಗ ಲೆನ್ಸ್ ಕೂಡ ಜಾಗ ಬಿಡುತ್ತದೆ. ಹತ್ತಿರದ ಕಂಬ ಹೀಗೇ ಜಿಗಿಯುತ್ತದೆ. ಜಿಗಿದ ಕಂಬವನ್ನು ಕೂಡಿಸುವುದು ಹ್ಯಾಂಗ್ರಿ?

ಉಪಾಯ ಇಷ್ಟೇ: ಲೆನ್ಸ್ ನಿಂತಲ್ಲೇ ನಿಲ್ಲಬೇಕು, ಹಿಂದಿನ ಕ್ಯಾಮೆರಾ ಮಾತ್ರ ಸರಿಯಬೇಕು. ಇದಕ್ಕೆ ಒದಗುವುದು ಹಳೆಯ ೧೨೦ ರೀಲಿನ ಕ್ಯಾಮೆರಾದ ಲೆನ್ಸ್. ಯಾಶಿಕಾ ಮ್ಯಾಟ್‌ನದು ಬಿಚ್ಚಿ ಬರದು. ಪೆಂಟಾಕ್ಸ್ ೬೪೫, ಮಾಮಿಯಾ ೬೪೫ ಮುಂತಾದವುಗಳದು ಬರುತ್ತದೆ. ಈಗಿನ ಫುಲ್‌ಫ್ರೇಮ್ ಕ್ಯಾಮೆರಾ ಹಿಡಿಯುವ ಚಿತ್ರ ೩೬ ಮಿ.ಮೀ. ಅಗಲ, ೨೪ ಮಿ.ಮೀ. ಎತ್ತರ. ೬೪೫ರ ಲೆನ್ಸು ಸುಮಾರು ೫೬ಕ್ಕೆ ೪೨ ಮಿ.ಮೀ. ತುಂಬುವಷ್ಟು ಚಿತ್ರ ಚೆಲ್ಲುತ್ತದೆ. ಸಣ್ಣ ತಾಟಿನಲ್ಲಿ ದೊಡ್ಡ ಜೋಳದ ರೊಟ್ಟಿ ಇಟ್ಟಂತೆ! ಹೊರಗುಳಿದ ರೊಟ್ಟಿಯನ್ನೂ ಹಿಡಿಯಲು, ನಡುವೆ ಸರಿಯುವ ಅಡಾಪ್ಟರ್ ಹಾಕುತ್ತಾರೆ.

ಸ್ಟ್ಯಾಂಡಿಗೆ ಬಿಗಿಯುವುದು ಅಡಾಪ್ಟರನ್ನು, ಕ್ಯಾಮೆರಾವನ್ನಲ್ಲ. ಕ್ಯಾಮೆರಾ ಲಂಬವಾಗಿ ನಿಲ್ಲಿಸಿ ನಡುವಿಗೊಂದು, ೧೨ ಮಿ.ಮೀ. ಎಡಕ್ಕೊಂದು, ಅಷ್ಟೇ ಬಲಕ್ಕೊಂದು ತೆಗೆಯಬೇಕು. ಬೆಳಕು, ಫೋಕಸ್ ಮೂರಕ್ಕೂ ಒಂದೇ ಇರಲಿ; ಫ್ಲಾಶ್ ಬೇಡ, ಶಟರ್ ನಿಧಾನವಾಗಿ ತೆರೆಯಲಿ. ಕಂಪ್ಯೂಟರಿನಲ್ಲಿ ಮೂರನ್ನೂ ಕೂಡಿಸಿದರೆ ೪೮ಕ್ಕೆ ೩೬ ಮಿ.ಮೀ. ಚಿತ್ರ. ೨೪ ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೇ ಸುಮಾರು ೪೮ರ ಫೋಟೋ! ೩೫ ಮಿ.ಮೀ. ಲೆನ್ಸು ೨೬ರಷ್ಟು ಅಗಲ ನೋಡುತ್ತದೆ, ತೊಲೆಯೂ ನೆಟ್ಟಗಿರುತ್ತದೆ.

“ಇಷ್ಟು ತ್ರಾಸ ಯಾಕ ಬೇಕು?” ಎನ್ನುವವರು ಹಂಪಿ ನೆನೆಯಲಿ. ೧೮೫೬ರಲ್ಲಿ ಗ್ರೀನ್‌ಲಾ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿ ಫೋಟೋ ತೆಗೆದ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲಿದ್ದ ಇಟ್ಟಿಗೆಯ ಶಿಖರ ಅದರಲ್ಲಿ ಕಾಣುತ್ತದೆ. ಇಂದು ಆ ಶಿಖರವಿಲ್ಲ, ಫೋಟೋ ಇದೆ.

ನಮ್ಮ ತೇರದಾಳದಲ್ಲೇ ಮಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿ ಇದೆ. ಅದರ ಶಾಸನ ೧೧೨೩ರದು. ಅಲ್ಲಿಯವರ ಅಪ್ಪಣೆ ಪಡೆದು ಒಳಗಿನ ಕಂಬಗಳನ್ನು ಹೀಗೆ ಹಿಡಿದಿಡಬಹುದು. ರಬಕವಿ-ಬನಹಟ್ಟಿಯ ಹಳೆಯ ಮಗ್ಗದ ಮನೆಗಳನ್ನೂ, ಅಜ್ಜನ ಕಾಲದ ಕಪಾಟಿರುವ ಅಂಗಡಿಗಳನ್ನೂ ಹಿಡಿದಿಡಬಹುದು. ಗುದ್ದಲಿ ಬೀಳುವ ಮೊದಲು ಸ್ಟುಡಿಯೋದವರನ್ನು ಕರೆಯಿರಿ. ಬಿದ್ದ ಮೇಲೆ ಯಾವ ಲೆನ್ಸೂ ಒದಗದು.

ಅಜ್ಜಿಯ ಫೋಟೋ ಬಂತು. ಕನ್ನಡಕ ಏರಿಸಿ, ಬೆರಳಿಟ್ಟು ಕಂಬ ಎಣಿಸಿದಳು. ನಾಲ್ಕೂ ನೆಟ್ಟಗಿದ್ದವು. “ಹಾಂ, ಇದು ನಮ್ಮ ಮನಿ. ಇನ್ನ ಕೆಡವ್ರಿ” ಎಂದಳು.