ಮೀನಿಗಿಂತ ಹಳೆಯ ಕಡಲು

ಸಿಂಧನೂರಿನ ಮಾರ್ಕೆಟ್ಟಿನಲ್ಲಿ ಕಟ್ಲಾ, ರೋಹು ಕೊಂಡು ಉಂಡವರಿಗೆ ಮುಳ್ಳಿನ ಕಾಟ ಗೊತ್ತು. ಶಾರ್ಕ್, ತೊರಕೆಗಳ ಜಾತಿಗೆ ಆ ಮೂಳೆಯ ಮುಳ್ಳೇ ಇಲ್ಲ. ನಮ್ಮ ಮೂಗಿನ ತುದಿಯಲ್ಲಿರುವ ಮೃದ್ವಸ್ಥಿಯೇ ಅವುಗಳ ಅಸ್ಥಿಪಂಜರ. ಸತ್ತ ಮೇಲೆ ಅದು ಸಾಮಾನ್ಯವಾಗಿ ಕೊಳೆತುಹೋಗುತ್ತದೆ, ಹಲ್ಲು ಉಳಿಯುತ್ತದೆ. ಅಳಿದುಹೋದ ಶಾರ್ಕ್‌ಗಳ ಚರಿತ್ರೆ ಬಹುಪಾಲು ಹಲ್ಲಿನ ಚರಿತ್ರೆ.

ಅಂಥ ಹಲ್ಲೊಂದು ಲಿಂಗಸುಗೂರಿನ ಗುಡ್ಡದಲ್ಲಿ ಸಿಕ್ಕೀತೇ? ಸಿಗದು. ಇಲ್ಲಿ ಕಡಲು ಇರಲಿಲ್ಲವೆಂದಲ್ಲ. ಹಟ್ಟಿ–ಮಸ್ಕಿ ಶಿಲಾಪಟ್ಟಿಯಲ್ಲಿ ಭೂವಿಜ್ಞಾನಿಗಳು ದಿಂಬು ಲಾವಾ ಗುರುತಿಸಿದ್ದಾರೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ಹೆಪ್ಪುಗಟ್ಟಿದಾಗ ಆ ಉರುಟು ಆಕಾರ ಬರುತ್ತದೆ. ಆದರೆ ಆ ನೀರು 250 ಕೋಟಿ ವರ್ಷಕ್ಕೂ ಹಿಂದಿನದು. ಶಾರ್ಕ್ ವಂಶಕ್ಕೆ ಎಷ್ಟು ಹಿಗ್ಗಿಸಿದರೂ ಸುಮಾರು 45 ಕೋಟಿ ವರ್ಷ. ಆಗಿನ ಕಡಲಿನಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳಷ್ಟೇ. 

ಹಲ್ಲು ಬೇಕಿದ್ದವರು ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಕಡೆಗೆ ನೋಡಬೇಕು. ಸುಮಾರು 10 ಕೋಟಿ ವರ್ಷದ ಹಿಂದೆ ಅಲ್ಲಿ ಕಡಲು. ಅದರ ಕೆಸರು ಗಟ್ಟಿಯಾದ ಪದರಗಳಲ್ಲಿ ಟೈಕೋಡಸ್ ಎಂಬ ಶಾರ್ಕಿನ ಹಲ್ಲು ದೊರೆತಿದೆ. ಶಾರ್ಕ್ ಎಂದರೆ ಗರಗಸದ ಹಲ್ಲು ಎಂದುಕೊಂಡವರಿಗೆ ಇದು ವಿಚಿತ್ರ. ಚೂಪಿಲ್ಲ, ಅಗಲ, ನೆತ್ತಿಯ ಮೇಲೆ ಅಡ್ಡಡ್ಡಲಾಗಿ ಏಣುಗಳು. ಬಾಯಿತುಂಬ ಇಂಥ ನೂರಾರು ಹಲ್ಲು, ನಡುವೆ ಸಂದಿಲ್ಲದೆ ಜೋಡಿಸಿದ ಬೀಸುವ ಕಲ್ಲುಗಳು. ಹರಿಯುವ ಹಲ್ಲಲ್ಲ, ಅರೆಯುವ ಹಲ್ಲು.

ವಿಜ್ಞಾನಿ ಲೂಯಿ ಅಗಾಸಿ 1830ರ ದಶಕದಲ್ಲಿ ಹೆಸರಿಟ್ಟ ಈ ಮೀನಿನ ಮೈ ಹೇಗಿತ್ತೆಂದು ಹೆಚ್ಚುಕಡಿಮೆ 190 ವರ್ಷ ಯಾರಿಗೂ ಖಚಿತವಿರಲಿಲ್ಲ. ಹಲ್ಲು ನೋಡಿ, ಕಡಲತಳದಲ್ಲಿ ತೆವಳುತ್ತ ಚಿಪ್ಪುಜೀವಿ ಹೆಕ್ಕುವ ಮಂದ ಪ್ರಾಣಿ ಇರಬೇಕೆಂದು ಬಹಳ ಮಂದಿ ಎಣಿಸಿದ್ದರು. ಮೆಕ್ಸಿಕೋದ ವಯೆಸಿಯೊ ಸುಣ್ಣಕಲ್ಲಿನಲ್ಲಿ ಇಡೀ ಮೈಯ ಅಚ್ಚೇ ಉಳಿದ ಮಾದರಿಗಳು ಸಿಕ್ಕಿ, 2024ರಲ್ಲಿ ವರ್ಣನೆ ಪ್ರಕಟವಾಯಿತು. ದೇಹ ಕದಿರಿನಂತೆ ತುದಿಗೆ ಸಣ್ಣ. ಗ್ರೇಟ್ ವೈಟ್ ಶಾರ್ಕ್ ಸೇರಿರುವ ಗಣದ್ದೇ, ವೇಗದ ಈಜುಗಾರ. ದೊಡ್ಡ ಜಾತಿಗಳು 10 ಮೀಟರ್‌ವರೆಗೂ ಬೆಳೆದಿರಬಹುದು. ಕಡಲಾಮೆ, ಸುರುಳಿಚಿಪ್ಪಿನ ಅಮೊನೈಟ್‌ಗಳನ್ನು ಅಟ್ಟಿಹಿಡಿದು ಜಜ್ಜಿ ತಿನ್ನುತ್ತಿತ್ತೆಂದು ಸಂಶೋಧಕರ ಅಂದಾಜು. ಕಾರೈಯ ಮಣ್ಣಿನಲ್ಲೂ ಅಮೊನೈಟ್‌ಗಳಿಗೆ ಬರವಿಲ್ಲ.