ಯಾರಿಗೆ, ಏನು, ಯಾಕೆ? ಯೂಸರ್ ಸ್ಟೋರಿ ಬರೆಯುವ ಬಗೆ



ಪಹಣಿ ಎಂಬ ಮಾತು ಕೇಳದ ಮನೆ ನಮ್ಮ ಕರೂರಿನಲ್ಲಿ ಇರಲಾರದು. ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಕೇಳುವುದೇ ಅದನ್ನು. ನಿಮ್ಮ ಅಜ್ಜನ ಕಾಲದಲ್ಲಿ ಪಹಣಿ ಕೈಬರಹದ್ದು. ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಏನಿದೆಯೋ ಅದೇ ದಾಖಲೆ, ಅವರು ಸಿಕ್ಕಾಗಲೇ ನಕಲು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ 2000ದ ಸುಮಾರಿಗೆ ಇದನ್ನು ಬದಲಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕಟ್ಟಿದರೆ ಅಚ್ಚಾದ ಪ್ರತಿ ಸಿಗತೊಡಗಿತು.

ಆ ಕೌಂಟರಿನಲ್ಲಿ ಒಂದು ಚಿಕ್ಕ ಏರ್ಪಾಡು ಇತ್ತು. ನೌಕರರ ಮುಂದೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಒಳಗೆ ನಡೆಯುತ್ತಿರುವ ಕೆಲಸ ಹೊರಗೆ ನಿಂತವನಿಗೂ ಕಾಣುತ್ತಿತ್ತು. 'ಪಹಣಿ ಅಚ್ಚು ಹಾಕುವ ಸಾಫ್ಟ್‌ವೇರ್ ಬೇಕು' ಎಂದಷ್ಟೇ ಯೋಚಿಸಿದರೆ ಈ ಎರಡನೆಯ ಪರದೆ ನೆನಪಿಗೆ ಬರುವುದಿಲ್ಲ. ಹೊರಗೆ ನಿಂತವನ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ಬರುತ್ತದೆ. ಹಾಗೆ ನಿಂತು ನೋಡಿದ್ದನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಅದೇ 'ಯೂಸರ್ ಸ್ಟೋರಿ', ಅಂದರೆ ಬಳಕೆದಾರನ ಮಾತು.

ಭೂಮಿ ಯೋಜನೆಯನ್ನು ಯೂಸರ್ ಸ್ಟೋರಿ ಬರೆದೇ ಕಟ್ಟಿದರೆಂದು ನಾನು ಹೇಳುತ್ತಿಲ್ಲ. ಉದಾಹರಣೆಗೆಂದು ನಾವೇ ಬರೆದು ನೋಡೋಣ:

"ನಾನು ಹೊಲದ ಒಡೆಯ. ಕೌಂಟರಿನಲ್ಲಿ ನನ್ನ ಪಹಣಿ ತೆಗೆಯುವಾಗ ನನಗೂ ಅದು ಕಾಣಬೇಕು. ಸರ್ವೆ ನಂಬರ್ ತಪ್ಪಿದ್ದರೆ ದುಡ್ಡು ಕಟ್ಟುವ ಮುಂಚೆಯೇ ಹೇಳಬಹುದು."

ಇದರಲ್ಲಿ ಮೂರು ಭಾಗಗಳಿವೆ: ಯಾರು, ಏನು, ಯಾಕೆ. 'ಯಾರು' ಬದಲಾದರೆ ಉಳಿದೆರಡೂ ಬದಲಾಗುತ್ತವೆ. ಕೂಲಿ ಬಿಟ್ಟು ಸಿರುಗುಪ್ಪಕ್ಕೆ ಬಸ್ಸು ಹತ್ತಬೇಕಾದ ಅಜ್ಜಿಗೆ ಪರದೆಗಿಂತ ಮುಖ್ಯವಾದದ್ದು ತನ್ನ ಊರಿನಲ್ಲೇ ಪಹಣಿ ಸಿಗುವುದು. ಆಕೆಯದು ಬೇರೆ ಸ್ಟೋರಿ, ಬೇರೆ ಕಾರ್ಡು.

ಕಾರ್ಡು ಎಂದೆನಲ್ಲ, ಈ ಪದ್ಧತಿ ಶುರುವಾದದ್ದೇ ಚಿಕ್ಕ ರಟ್ಟಿನ ಕಾರ್ಡುಗಳಿಂದ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೆಂಟ್ ಬೆಕ್ ಮತ್ತು ಅವರ ಜೊತೆಗಾರರು ಇದನ್ನು ರೂಢಿಗೆ ತಂದರು. 2001ರ ಫೆಬ್ರವರಿಯಲ್ಲಿ ಯೂಟಾ ರಾಜ್ಯದಲ್ಲಿ ಸೇರಿದ 17 ಜನ ಪರಿಣತರು 'ಅಜೈಲ್' ಎಂಬ ಕಾರ್ಯವಿಧಾನದ ಘೋಷಣೆ ಹೊರಡಿಸಿದರು. ಇಡೀ ಸಾಫ್ಟ್‌ವೇರನ್ನು ವರ್ಷಗಟ್ಟಲೆ ಕಟ್ಟಿ ಒಮ್ಮೆಗೇ ಒಪ್ಪಿಸುವ ಬದಲು, ಸ್ವಲ್ಪ ಸ್ವಲ್ಪವೇ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದುತ್ತಾ ಹೋಗುವುದೇ ಅಜೈಲ್. ಅದೇ ವರ್ಷ ರಾನ್ ಜೆಫ್ರೀಸ್ ಯೂಸರ್ ಸ್ಟೋರಿಗೆ ಮೂರು ಅಂಗಗಳನ್ನು ಹೇಳಿದರು: ಕಾರ್ಡು, ಮಾತುಕತೆ, ಖಾತ್ರಿ. ಕಾರ್ಡಿನಲ್ಲಿ ಎಲ್ಲವೂ ಇರುವುದಿಲ್ಲ. ಅದು ಕೂತು ಮಾತಾಡಲು ಒಂದು ನೆಪ. ಮಾತಾಡಿದ ಮೇಲೆ, ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದೇ ಖಾತ್ರಿ.

ಈಗ ನಮಗೆ ಹತ್ತಿರದ ಉದಾಹರಣೆಗೆ ಬರೋಣ. ಸ್ಕಾಲರ್‌ಶಿಪ್ ಅರ್ಜಿಯ ಆ್ಯಪ್ ಮಾಡಬೇಕೆಂದುಕೊಳ್ಳಿ. "ಬಳಕೆದಾರನಿಗೆ ಸುಲಭವಾದ ಅರ್ಜಿ ಬೇಕು" ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾವ ಬಳಕೆದಾರ? ಯಾರಿಗೆ ಸುಲಭ? ನಮ್ಮಲ್ಲಿ ಎಷ್ಟೋ ಮಕ್ಕಳ ಹೆಸರು ಅಂಕಪಟ್ಟಿಯಲ್ಲಿ 'ಶೇಖ್' ಎಂದಿದ್ದರೆ ಆಧಾರ್‌ನಲ್ಲಿ 'ಶೇಕ್' ಎಂದಿರುತ್ತದೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅರ್ಜಿ ನಿಂತರೆ, ಗೊತ್ತಾಗುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದಿರುತ್ತದೆ. ಆ ವರ್ಷದ ಫೀಸು ಮನೆಯ ಮೇಲೆ ಬೀಳುತ್ತದೆ. ಹಾಗಾಗಿ ಹೀಗೆ ಬರೆಯೋಣ:

"ನಾನು ಮೊದಲ ವರ್ಷದ ಪಿಯು ವಿದ್ಯಾರ್ಥಿನಿ. ಎರಡು ದಾಖಲೆಗಳಲ್ಲಿ ನನ್ನ ಹೆಸರು ಬೇರೆ ಬೇರೆ ಇದ್ದರೆ ಅರ್ಜಿ ತುಂಬುವಾಗಲೇ ತಿಳಿಯಬೇಕು. ಕೊನೆಯ ದಿನದೊಳಗೆ ತಿದ್ದಿಸಿಕೊಳ್ಳಬಹುದು."

ಇದಕ್ಕೆ ಖಾತ್ರಿ ಹೀಗಿರಬಹುದು:

1. ಹೆಸರಿನಲ್ಲಿ ಒಂದೇ ಅಕ್ಷರ ಬೇರೆಯಿದ್ದರೂ ಅರ್ಜಿ ಕಳಿಸುವ ಮುಂಚೆಯೇ ಎಚ್ಚರಿಕೆ ಬರಬೇಕು.
2. ಎರಡೂ ಹೆಸರುಗಳನ್ನು ಪಕ್ಕಪಕ್ಕದಲ್ಲಿ ತೋರಿಸಬೇಕು.
3. ತಿದ್ದಿಸಲು ಎಲ್ಲಿಗೆ ಹೋಗಬೇಕೆಂಬುದು ಕನ್ನಡದಲ್ಲಿ ಇರಬೇಕು.
4. ಅರ್ಧ ತುಂಬಿದ ಅರ್ಜಿ ಅಳಿಸಿಹೋಗಬಾರದು.

ಮಾಡಿ ಮುಗಿಸಿದ ಮೇಲೆ ಈ ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಬಹುದು. 'ಸುಲಭ' ಎಂಬುದನ್ನು ಹಾಗೆ ಪರೀಕ್ಷಿಸಲಾಗದು.

ಇನ್ನು ಮಾತುಕತೆ. ಆ ವಿದ್ಯಾರ್ಥಿನಿಯ ಜೊತೆ ಹತ್ತು ನಿಮಿಷ ಕೂತು ಕೇಳಿದರೆ ನಾವು ಊಹಿಸದ ಸಂಗತಿ ಹೊರಬರಬಹುದು. ಅವಳ ಹತ್ತಿರ ಫೋನಿಲ್ಲ, ಅಣ್ಣನ ಫೋನಿನಲ್ಲಿ ತುಂಬುತ್ತಾಳೆ. ಒಟಿಪಿ ಬರುವುದು ಅಬ್ಬಾನ ನಂಬರಿಗೆ, ಅವರು ಗದ್ದೆಯಲ್ಲಿರುತ್ತಾರೆ. ಅವರು ಫೋನು ನೋಡಿ ಹೇಳುವಷ್ಟರಲ್ಲಿ ಒಟಿಪಿಯ ಸಮಯ ಮುಗಿದಿರುತ್ತದೆ. ಇದು ಎರಡನೆಯ ಕಾರ್ಡು. ಕಂಪ್ಯೂಟರ್ ಲ್ಯಾಬಿನಲ್ಲೇ ಕೂತಿದ್ದರೆ ಈ ಕಾರ್ಡು ಹುಟ್ಟುತ್ತಿರಲಿಲ್ಲ.

ಬರೆಯುವಾಗ ಎರಡು ತಪ್ಪುಗಳಾಗದಂತೆ ನೋಡಿಕೊಳ್ಳಿ. ಒಂದು, ಅಗತ್ಯದ ಬದಲು ಪರಿಹಾರ ಬರೆಯುವುದು. "ಕೆಂಪು ಬಟನ್ ಬೇಕು" ಎಂಬುದು ಸ್ಟೋರಿಯಲ್ಲ. ಬಟನ್ ಯಾಕೆ ಬೇಕೋ ಅದು ಸ್ಟೋರಿ. ಎರಡು, ಎಲ್ಲವನ್ನೂ ಒಂದೇ ಕಾರ್ಡಿಗೆ ತುಂಬುವುದು. "ಸ್ಕಾಲರ್‌ಶಿಪ್ ಪೂರ್ತಿ ಆನ್‌ಲೈನ್ ಆಗಬೇಕು" ಎಂಬುದು ದೊಡ್ಡ ಮೂಟೆ. ಅದನ್ನು ಹೆಸರು ಹೋಲಿಕೆ, ಒಟಿಪಿ, ದಾಖಲೆ ಸೇರಿಸುವುದು, ಅರ್ಜಿ ಎಲ್ಲಿಗೆ ಬಂತೆಂದು ನೋಡುವುದು ಎಂದು ಬಿಡಿಸಿ. ಕೆಲವೇ ದಿನಗಳಲ್ಲಿ ಮಾಡಿ ತೋರಿಸಬಹುದಾದಷ್ಟು ಚಿಕ್ಕದಿರಲಿ.

ಇದಕ್ಕೆ ಪ್ರೋಗ್ರಾಮಿಂಗ್ ಬರಲೇಬೇಕೆಂದಿಲ್ಲ, ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರೆಯಬಹುದು. ಈ ವಾರ ಒಂದು ಪೋಸ್ಟ್‌ಕಾರ್ಡಿನಷ್ಟು ರಟ್ಟು ಕತ್ತರಿಸಿಕೊಳ್ಳಿ. ಬಸ್ ಪಾಸಿಗಾಗಿ ಓಡಾಡಿದ ಗೆಳೆಯನನ್ನೋ, ನಮ್ಮ ಗ್ರಂಥಾಲಯದ ಮೇಡಂ ಅವರನ್ನೋ, ಪಹಣಿಗಾಗಿ ಸಾಲಿನಲ್ಲಿ ನಿಂತು ಬಂದ ನಿಮ್ಮ ಮನೆಯ ಹಿರಿಯರನ್ನೋ ಕೇಳಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. "ಹೌದು, ನನಗೆ ಬೇಕಾಗಿದ್ದು ಇದೇ" ಎಂದು ಅವರು ಹೇಳಿದರೆ ನಿಮ್ಮ ಕಾರ್ಡು ಸರಿಯಿದೆ.